ಸಿ5 ಕಾರ್ವೆಟ್‌ಗೆ ಹೊಸ ಸಿಲಿಂಡರ್ ಹೆಡ್ ಮತ್ತು ಕ್ಯಾಮ್‌ಶಾಫ್ಟ್: ಬಿಚ್ಚುವ ಮೊದಲು ಏನೇನು ಸಿದ್ಧವಿರಬೇಕು?

ಮಿಶಿಗನ್ ಮಲೆನಾಡಿಗ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2000ನೇ ಇಸವಿಯ ಸಿ5, ಅಂದರೆ ಐದನೇ ತಲೆಮಾರಿನ, ಕಾರ್ವೆಟ್ ಸ್ಪೋರ್ಟ್ಸ್ ಕಾರು ಇದೆ. ಆರು ಗೇರಿನ ಮ್ಯಾನ್ಯುಯಲ್ ಗಾಡಿ, 5.7 ಲೀಟರಿನ ಎಲ್‌ಎಸ್1 ಎಂಜಿನ್, ಕಂಪನಿ ಕೊಟ್ಟ ಲೆಕ್ಕದಲ್ಲಿ 345 ಅಶ್ವಶಕ್ತಿ. ಎಂಜಿನ್ನಿನ ಕೆಳಭಾಗ ಆರೋಗ್ಯವಾಗಿದೆ: ಎಂಟೂ ಸಿಲಿಂಡರುಗಳ ಕಂಪ್ರೆಷನ್ ಹೆಚ್ಚುಕಡಿಮೆ ಒಂದೇ ಬರುತ್ತದೆ, ಆಯಿಲ್ ಒತ್ತಡ ಚೆನ್ನಾಗಿದೆ, ಹೊಗೆ ಇಲ್ಲ. ಚಳಿಗಾಲದಲ್ಲಿ ಇಲ್ಲಿನ ಉಪ್ಪು ಸುರಿದ ರಸ್ತೆಗಳಿಗೆ ಈ ಕಾರನ್ನು ಹೇಗೂ ಇಳಿಸುವುದಿಲ್ಲ. ಆದ್ದರಿಂದ ಆ ಅವಧಿಯಲ್ಲಿ ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಮತ್ತು ಕ್ಯಾಮ್ (ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳಿರುವ ದಂಡ) ಎರಡನ್ನೂ ಒಟ್ಟಿಗೆ ಬದಲಿಸೋಣವೆಂದು ಯೋಚಿಸಿದ್ದೇನೆ. ಎಂಜಿನ್ ಕಾರಿನಲ್ಲೇ ಇರುತ್ತದೆ, ಇಳಿಸುವುದಿಲ್ಲ.

243 ಎಂಬ ಎರಕದ ಸಂಖ್ಯೆಯ ಒಂದು ಜೊತೆ ಹೆಡ್‌ಗಳು ಸೆಕೆಂಡ್‌ಹ್ಯಾಂಡಿನಲ್ಲಿ ಸಿಕ್ಕಿವೆ. ಅವು 2001ರಿಂದ ಬಂದ ಜ಼ಡ್06 ಕಾರಿನ ಎಲ್‌ಎಸ್6 ಎಂಜಿನ್ನಿನಲ್ಲಿದ್ದ ಹೆಡ್‌ಗಳೇ. ಕ್ಯಾಮ್ ಇನ್ನೂ ಆರ್ಡರ್ ಮಾಡಿಲ್ಲ. ಮನಸ್ಸಿನಲ್ಲಿರುವುದು 0.050 ಅಂಗುಲದಲ್ಲಿ ಅಳೆದ 224/228 ಡಿಗ್ರಿಯ, 0.580 ಅಂಗುಲ ಲಿಫ್ಟಿನ, 112 ಡಿಗ್ರಿ ಲೋಬ್ ಅಂತರದ ಕ್ಯಾಮ್; ಅಂದರೆ ಕ್ರಮವಾಗಿ ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ (ಡ್ಯುರೇಷನ್), ಎಷ್ಟು ತೆರೆಯುತ್ತದೆ (ಲಿಫ್ಟ್), ಇನ್‌ಟೇಕ್ ಮತ್ತು ಎಕ್ಸಾಸ್ಟ್ ಉಬ್ಬುಗಳ (ಲೋಬ್) ನಡುವಿನ ಕೋನವೆಷ್ಟು ಎಂಬ ಲೆಕ್ಕ. ಜೊತೆಗೆ ತೆಳುವಾದ ಹೆಡ್ ಗ್ಯಾಸ್ಕೆಟ್, 7.400 ಅಂಗುಲದ ಪುಶ್‌ರಾಡ್ (ವಾಲ್ವನ್ನು ಒತ್ತುವ ಸನ್ನೆಯಾದ ರಾಕರಿಗೆ ಕ್ಯಾಮಿನ ಚಲನೆಯನ್ನು ಮುಟ್ಟಿಸುವ ಕಡ್ಡಿ), ಹೊಸ ಲಿಫ್ಟರ್ (ಕ್ಯಾಮಿನ ಉಬ್ಬಿನ ಮೇಲೆ ಕೂತು ಪುಶ್‌ರಾಡನ್ನು ಎತ್ತುವ ಭಾಗ), ಟೈಮಿಂಗ್ ಚೈನ್ ಮತ್ತು ಆಯಿಲ್ ಪಂಪ್ ಎಲ್ಲವನ್ನೂ ಒಂದೇ ಸಲ ತರಿಸಿಟ್ಟುಕೊಂಡು ಕೆಲಸಕ್ಕೆ ಕೈಹಾಕುವ ಆಲೋಚನೆಯಿದೆ. ಈ ಪಟ್ಟಿಯಲ್ಲಿ ಏನು ತಪ್ಪಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಎಂಟು ಸಿಲಿಂಡರ್:

ಮಲೆನಾಡಿಗರೇ, ಪಟ್ಟಿ ಚೆನ್ನಾಗಿದೆ. ಅದರಲ್ಲಿ ಒಂದು ಸಾಲನ್ನು ಮಾತ್ರ ಈಗಲೇ ಹೊಡೆದುಹಾಕಿ: ಪುಶ್‌ರಾಡ್. ಅದರ ಉದ್ದ ನಾವು ಮೊದಲೇ ಆಯ್ಕೆ ಮಾಡುವ ವಸ್ತುವಲ್ಲ, ಉಳಿದೆಲ್ಲ ಕೂಡಿದ ಮೇಲೆ ಎಂಜಿನ್ನೇ ಹೇಳುವ ಸಂಖ್ಯೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇಡೀ ಸಿದ್ಧತೆಯ ಕ್ರಮ ಇದರ ಮೇಲೆಯೇ ನಿಂತಿದೆ.

ನಿಮ್ಮ ಹೆಡ್‌ನ ದಹನ ಕೋಣೆ ಸುಮಾರು 64.5 ಸಿಸಿ, ಈಗ ಕಾರಿನಲ್ಲಿರುವ ಎಲ್‌ಎಸ್1 ಹೆಡ್‌ನದು ಸುಮಾರು 66.7 ಸಿಸಿ. ಕಂಪನಿಯ ಪ್ರಕಾರ ಎಲ್‌ಎಸ್1ರ ಕಂಪ್ರೆಷನ್ ಅನುಪಾತ 10.1, ಎಲ್‌ಎಸ್6ರದು 10.5. ಅಂದರೆ ಹೆಡ್ ಬದಲಾವಣೆಯಿಂದಲೇ ಆ ಏರಿಕೆಯ ಬಹುಭಾಗ ಸಿಗುತ್ತದೆ. ಇನ್ನು ಗ್ಯಾಸ್ಕೆಟ್. ಮೂಲ ಗ್ಯಾಸ್ಕೆಟ್ ಒತ್ತಿದ ಮೇಲೆ 0.053 ಅಂಗುಲದಷ್ಟು ದಪ್ಪ ಉಳಿಯುತ್ತದೆ. ನೀವು ಹೇಳುವ ತೆಳು ಗ್ಯಾಸ್ಕೆಟ್ 0.040 ಅಂಗುಲದ್ದೆಂದು ಇಟ್ಟುಕೊಂಡರೆ 0.013 ಅಂಗುಲ, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ, ಕಡಿಮೆಯಾಯಿತು. 99 ಮಿ.ಮೀ. ಬೋರಿಗೆ ಅದು ಎರಡೂವರೆ ಸಿಸಿಗೆ ಸಮ. ಒಂದು ಸಿಲಿಂಡರಿನ ಗಾತ್ರ 708 ಸಿಸಿ ಇರುವುದರಿಂದ ಅನುಪಾತ ಮತ್ತೆ ಮೂರು ದಶಾಂಶಕ್ಕಿಂತ ಸ್ವಲ್ಪ ಹೆಚ್ಚು ಮೇಲೇರಿ 11ರ ಹತ್ತಿರಕ್ಕೆ ಬರುತ್ತದೆ. ನಿಮ್ಮಲ್ಲಿ 93 ಆಕ್ಟೇನಿನ ಪೆಟ್ರೋಲ್ ಸಿಗುತ್ತದೆ, ಕ್ಯಾಮ್ ಕೂಡ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುವಂಥದ್ದು, ಹಾಗಾಗಿ ಇಷ್ಟಕ್ಕೆ ಹೆದರಬೇಕಾಗಿಲ್ಲ. ಇದರ ಮೇಲೆ ಹೆಡ್ ಫೇಸಿಂಗ್ (ಹೆಡ್‌ನ ತಳವನ್ನು ಮೆಷಿನ್ನಿನಲ್ಲಿ ಸಮತಟ್ಟಾಗಿ ಅರೆಸುವುದು) ಮಾಡಿಸಿ ಇನ್ನಷ್ಟು ತೆಗೆಸುವ ಆಸೆಯನ್ನು ಮಾತ್ರ ಬಿಡಿ. ಗ್ಯಾಸ್ಕೆಟ್ಟಿನಿಂದ ಇಳಿಸುವುದಾದರೆ ಗ್ಯಾಸ್ಕೆಟ್, ಫೇಸಿಂಗಿನಿಂದ ಇಳಿಸುವುದಾದರೆ ಫೇಸಿಂಗ್. ಎರಡನ್ನೂ ಒಟ್ಟಿಗೆ ಮಾಡಿದರೆ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗ ಎರಡು ಕಡೆಯಿಂದ ಕಿತ್ತುಹೋಗುತ್ತದೆ.

ಆ ಜಾಗವೇ ಮುಖ್ಯ. ಎಲ್‌ಎಸ್1ರ ಪಿಸ್ಟನ್ ಮೇಲ್ಮೈ ಚಪ್ಪಟೆ. ವಾಲ್ವಿಗಾಗಿ ಕೊರೆದ ತಗ್ಗು ಅದರಲ್ಲಿಲ್ಲ. ಸಾಲದ್ದಕ್ಕೆ ಪಿಸ್ಟನ್ ಮೇಲಿನ ಬಿಂದುವಿಗೆ ಬಂದಾಗ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆಯೇ ನಿಲ್ಲುತ್ತದೆ. ಹೀಗಿರುವಾಗ ಲಿಫ್ಟ್ ಸಂಖ್ಯೆಯೊಂದನ್ನೇ ನೋಡಿ ಕ್ಯಾಮ್ ಆರಿಸುವುದು ಸರಿಯಲ್ಲ. ಪಿಸ್ಟನ್ ಮೇಲಿರುವಾಗ ವಾಲ್ವ್ ಎಷ್ಟು ತೆರೆದಿರುತ್ತದೆ ಎಂಬುದನ್ನು ಡ್ಯುರೇಷನ್, ಲೋಬ್ ಅಂತರ ಮತ್ತು ಕ್ಯಾಮನ್ನು ಎಷ್ಟು ಡಿಗ್ರಿ ಮುಂದಕ್ಕೆ ಕೂರಿಸಿದ್ದೀರಿ ಎಂಬುದು ನಿರ್ಧರಿಸುತ್ತದೆ. ಗರಿಷ್ಠ ಲಿಫ್ಟ್ ಬರುವ ಹೊತ್ತಿಗೆ ಪಿಸ್ಟನ್ ಬಹಳ ಕೆಳಗೆ ಹೋಗಿರುತ್ತದೆ.

ಆದ್ದರಿಂದ ನನ್ನ ಕ್ರಮ ಹೀಗೆ. ಮೊದಲು ಹೆಡ್‌ಗಳು ಮೆಷಿನ್ ಶಾಪಿಗೆ ಹೋಗಿ ಬರಲಿ. ಆಮೇಲೆ ಗ್ಯಾಸ್ಕೆಟ್ ದಪ್ಪವನ್ನು ತೀರ್ಮಾನಿಸಿ, ಅದಕ್ಕೊಪ್ಪುವ ಕ್ಯಾಮನ್ನು ಆರ್ಡರ್ ಮಾಡಿ, ಕ್ಯಾಮಿನ ಲಿಫ್ಟಿಗೆ ಒಪ್ಪುವ ವಾಲ್ವ್ ಸ್ಪ್ರಿಂಗನ್ನು ಕ್ಯಾಮ್ ಕೊಡುವವರಿಂದಲೇ ಕೇಳಿ ತರಿಸಿ. 243 ಹೆಡ್‌ನಲ್ಲಿ ಬಂದಿರುವ ಎಲ್‌ಎಸ್6 ಸ್ಪ್ರಿಂಗ್ 0.550 ಅಂಗುಲದ ಆಸುಪಾಸಿನವರೆಗೆ ಮಾತ್ರ ನಂಬಲು ತಕ್ಕದ್ದು, ನಿಮ್ಮ 0.580ಕ್ಕೆ ಅದು ಸಾಲದು. ಪುಶ್‌ರಾಡ್ ಕೊನೆಗೆ. ಅದಕ್ಕಾಗಿ ಕೆಲಸ ಕೆಲವು ದಿನ ನಿಂತರೂ ಚಿಂತೆಯಿಲ್ಲ.

ಬೇ ಏರಿಯಾ ಬಸವ:

ನಾನು ಕ್ಯಾಲಿಫೋರ್ನಿಯಾದವನು, ಒಂದೇ ಮಾತು ಸೇರಿಸುತ್ತೇನೆ. ಮಿಶಿಗನ್ನಿನಲ್ಲಿ ವಾಹನಗಳ ಹೊಗೆ ತಪಾಸಣೆ ಇಲ್ಲವಾದ್ದರಿಂದ ಮಲೆನಾಡಿಗರು ನಿಶ್ಚಿಂತರು. ಆದರೆ ಈ ಚರ್ಚೆಯನ್ನು ಓದಿ ನಮ್ಮ ಕಡೆಯವರು ಯಾರಾದರೂ ಇದೇ ಕ್ಯಾಮ್ ತರಿಸುವ ಮುನ್ನ, ಆ ಭಾಗಕ್ಕೆ ಇಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಅನುಮತಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಅದಿಲ್ಲದ ಕ್ಯಾಮ್ ಅಥವಾ ಹೆಡ್ ಹಾಕಿದ ಗಾಡಿ ರಸ್ತೆಗೆ ಕಾನೂನುಬದ್ಧವಲ್ಲ. ಇನ್ನು ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆಯುವ ವಿಚಾರಕ್ಕೆ ಬಂದರೆ, ಅದನ್ನು ಯಾವ ರಾಜ್ಯದಲ್ಲಿದ್ದರೂ ಫೆಡರಲ್ ಕಾನೂನೇ ನಿಷೇಧಿಸುತ್ತದೆ.

ಪೀಣ್ಯದ ಮೆಷಿನಿಸ್ಟ್:

ನಾನು ಕಾರ್ವೆಟ್ ಬಿಚ್ಚಿದವನಲ್ಲ. ಆದರೆ ಅಲ್ಯೂಮಿನಿಯಂ ಹೆಡ್ ಎಲ್ಲಿಯದಾದರೂ ಅಲ್ಯೂಮಿನಿಯಮ್ಮೇ, ಆದ್ದರಿಂದ ಆ ಭಾಗದ ಬಗ್ಗೆ ಬರೆಯುತ್ತೇನೆ.

ಸೆಕೆಂಡ್‌ಹ್ಯಾಂಡ್ ಹೆಡ್ ಕೈಗೆ ಬಂದ ಕೂಡಲೇ ಅದನ್ನು ಪೂರ್ತಿ ಬಿಚ್ಚಿ, ತೊಳೆಸಿ, ಒತ್ತಡ ಪರೀಕ್ಷೆ ಮಾಡಿಸಿ. ಕೂಲಂಟ್ ದಾರಿಗಳನ್ನು ಮುಚ್ಚಿ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ; ಕಣ್ಣಿಗೆ ಕಾಣದ ಬಿರುಕು ಈ ಪರೀಕ್ಷೆಗೆ ಸಿಕ್ಕಿಬೀಳುತ್ತದೆ. ಆಮೇಲೆ ವಾಲ್ವ್ ಗೈಡ್ (ವಾಲ್ವಿನ ಕಾಂಡ ಜಾರುವ ಕೊಳವೆ) ನೋಡಿಸಿ. ಈ ಹೆಡ್‌ನ ವಾಲ್ವ್ ಕಾಂಡ 8 ಮಿ.ಮೀ. ದಪ್ಪದ್ದು. ಗೈಡ್ ಸವೆದಿದ್ದರೆ ಎಷ್ಟು ಚೆನ್ನಾಗಿ ಸೀಟ್ (ವಾಲ್ವ್ ಕುಳಿತು ಮುಚ್ಚುವ ಅಂಚು) ಕತ್ತರಿಸಿದರೂ ವಾಲ್ವ್ ಪ್ರತಿ ಸಲ ಬೇರೆ ಬೇರೆ ಕಡೆ ಕುಳಿತು ಆ ಸೀಟನ್ನು ಹಾಳುಮಾಡುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲಂತೂ ಬೇಗನೇ ಹಾಳಾಗುತ್ತದೆ. ಗೈಡ್ ಸರಿಯಾದ ಮೇಲೆಯೇ ಸೀಟಿನ ಕೆಲಸ.

ಹೆಡ್ ಫೇಸಿಂಗ್ ಬಗ್ಗೆ ಒಂದು ಮಾತು. ನೀವು ಹಾಕುವ ಗ್ಯಾಸ್ಕೆಟ್ ಹಲವು ಪದರದ ಉಕ್ಕಿನದು. ಹಳೆಯ ಗ್ರಾಫೈಟ್ ಗ್ಯಾಸ್ಕೆಟ್ ಮೇಲ್ಮೈಯ ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತಿತ್ತು, ಉಕ್ಕು ತುಂಬಿಕೊಳ್ಳುವುದಿಲ್ಲ. ಅದಕ್ಕೆ 50 ಮೈಕ್ರೋಇಂಚಿನಷ್ಟು ಅಥವಾ ಅದಕ್ಕಿಂತ ನುಣುಪಾದ ಮೇಲ್ಮೈ ಬೇಕೆಂದು ಶಾಪಿನವರಿಗೆ ಮುಂಚೆಯೇ ಹೇಳಿ. ಸಮತಟ್ಟಾಗಿದೆ, ನುಣುಪಾಗಿದೆ ಎಂದಾದರೆ ಫೇಸಿಂಗ್ ಬೇಡವೇ ಬೇಡ. ಬೇಕೇಬೇಕಾದರೆ ಸಾಧ್ಯವಾದಷ್ಟು ಕಡಿಮೆ ತೆಗೆಸಿ, ಎಷ್ಟು ತೆಗೆದರೆಂದು ಬರೆಸಿಕೊಳ್ಳಿ. ಎರಡೂ ಹೆಡ್‌ಗಳಿಂದ ಒಂದೇ ಪ್ರಮಾಣ ತೆಗೆದಿರಬೇಕು.

ಬ್ಲಾಕಿನ ಮೇಲ್ಮೈಯನ್ನು ಮಾತ್ರ ಕಾರಿನಲ್ಲಿಟ್ಟೇ ಸ್ವಚ್ಛ ಮಾಡಬೇಕಲ್ಲವೇ? ಅಲ್ಲಿ ಗಾಳಿ ಗ್ರೈಂಡರಿಗೆ ಸಿಕ್ಕಿಸುವ ಸ್ಯಾಂಡಿಂಗ್ ಡಿಸ್ಕನ್ನು ದಯವಿಟ್ಟು ಬಳಸಬೇಡಿ. ಅದು ಅಲ್ಯೂಮಿನಿಯಮ್ಮಿನಲ್ಲಿ ತಗ್ಗು ಮಾಡುವುದು ಒಂದು ದೋಷವಾದರೆ, ಅದರಿಂದ ಉದುರುವ ಮರಳಿನಂಥ ಪುಡಿ ಸಿಲಿಂಡರಿಗೂ ಆಯಿಲ್ ದಾರಿಗೂ ಇಳಿದು ಬೇರಿಂಗ್ ತಿನ್ನುವುದು ಅದಕ್ಕಿಂತ ದೊಡ್ಡ ದೋಷ. ಜನರಲ್ ಮೋಟರ್ಸ್ ಕಂಪನಿಯೇ ತನ್ನ ಮೆಕ್ಯಾನಿಕ್‌ಗಳಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ಕರಗಿಸುವ ದ್ರಾವಣ, ಬಟ್ಟೆ ಮತ್ತು ತಾಳ್ಮೆ ಸಾಕು.

ಹೂಸ್ಟನ್ ಹುಬ್ಬಳ್ಳಿಯವ:

ಎಂಟು ಸಿಲಿಂಡರ್ ಅವರ ಮಾತಿಗೆ ನನ್ನ ಸಣ್ಣ ಭಿನ್ನಾಭಿಪ್ರಾಯವಿದೆ. ನನ್ನ ಕಾರಿಗೂ ನನ್ನ ಗೆಳೆಯರ ಕಾರುಗಳಿಗೂ ಕ್ಯಾಮ್ ಹಾಕಿದಾಗ 7.400 ಅಂಗುಲದ ಗಟ್ಟಿ ಪುಶ್‌ರಾಡ್ ತಂದು ಹಾಕಿದೆವು, ಎಲ್ಲವೂ ಇವತ್ತಿಗೂ ಸದ್ದಿಲ್ಲದೆ ಓಡುತ್ತಿವೆ. ಹೈಡ್ರಾಲಿಕ್ ಲಿಫ್ಟರ್ ಇರುವುದೇ ಇಂಥ ಸಣ್ಣ ವ್ಯತ್ಯಾಸಗಳನ್ನು ನುಂಗಿಕೊಳ್ಳುವುದಕ್ಕೆ. ಮನೆಯ ಗ್ಯಾರೇಜಿನಲ್ಲಿ ಕೆಲಸ ಮಾಡುವವರನ್ನು ಇಷ್ಟೊಂದು ಅಳತೆಗಳಿಂದ ಹೆದರಿಸಿದರೆ ಅವರು ಕೆಲಸಕ್ಕೇ ಕೈಹಾಕುವುದಿಲ್ಲ.

ಎಂಟು ಸಿಲಿಂಡರ್:

ಹುಬ್ಬಳ್ಳಿಯವರೇ, ನಿಮ್ಮ ಅನುಭವ ಸುಳ್ಳೆಂದು ನಾನು ಹೇಳುವುದಿಲ್ಲ. ಅವು ಕ್ಯಾಮ್ ಮಾತ್ರ ಬದಲಿಸಿದ ಎಂಜಿನ್‌ಗಳು. ಹೆಡ್ ಅದೇ, ಗ್ಯಾಸ್ಕೆಟ್ ಅದೇ. ಅಂಥಲ್ಲಿ ಬಹಳ ಸಲ 7.400 ಸರಿಹೋಗುತ್ತದೆ. ಮಲೆನಾಡಿಗರ ಎಂಜಿನ್ನಿನಲ್ಲಿ ಬದಲಾಗುವ ಅಂಶಗಳು ಹಲವಾರು, ಮತ್ತು ಅವು ಒಂದೇ ದಿಕ್ಕಿನಲ್ಲಿ ಎಳೆಯುವುದಿಲ್ಲ. ಗ್ಯಾಸ್ಕೆಟ್ ತೆಳುವಾದರೆ, ಹೆಡ್ ಫೇಸಿಂಗ್ ಆದರೆ ಗಿಡ್ಡ ಪುಶ್‌ರಾಡ್ ಬೇಕು. ಕ್ಯಾಮಿನ ಲಿಫ್ಟ್ ಹೆಚ್ಚಾದರೆ ಉದ್ದದ್ದು ಬೇಕು, ಏಕೆಂದರೆ ಲೋಬಿನ ತುದಿ ಕ್ಯಾಮ್ ಬೇರಿಂಗಿನ ರಂಧ್ರದ ಮೂಲಕ ಹಾದುಹೋಗಲೇಬೇಕು, ತುದಿಯನ್ನು ಎತ್ತರಿಸಲು ಜಾಗವಿಲ್ಲ. ಹಾಗಾಗಿ ಲಿಫ್ಟನ್ನು ಹೆಚ್ಚಿಸಬೇಕಾದವರು ಬುಡದ ವೃತ್ತವನ್ನೇ (ಲೋಬಿನ ಉಬ್ಬಿಲ್ಲದ ದುಂಡು ಭಾಗವನ್ನು) ಚಿಕ್ಕದು ಮಾಡುತ್ತಾರೆ, ಲಿಫ್ಟರ್ ಅಷ್ಟು ಕೆಳಗೆ ಕೂರುತ್ತದೆ. ಸೀಟ್ ಕತ್ತರಿಸಿದ್ದರಿಂದ ವಾಲ್ವಿನ ಕಾಂಡ ಎಷ್ಟು ಮೇಲೆದ್ದಿತು ಎಂಬುದು ಇನ್ನೊಂದು. ಲಿಫ್ಟರಿನ ಕಂಪನಿ ಬದಲಾದರೆ ಅದರ ಬಟ್ಟಲಿನ ಎತ್ತರ ಮತ್ತೊಂದು. ಇವೆಲ್ಲ ಕೂಡಿ ಕಳೆದು 7.400ಕ್ಕೇ ಬಂದು ನಿಲ್ಲಬಹುದು, 7.350ಕ್ಕೂ ಬರಬಹುದು.

ಅಳೆಯುವುದು ಹೆದರುವಂಥ ಕೆಲಸವೂ ಅಲ್ಲ. ಉದ್ದವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಪರೀಕ್ಷಾ ಪುಶ್‌ರಾಡ್ ಒಂದನ್ನು ತರಿಸಿ. ಹೆಡ್ಡನ್ನು ಬಿಗಿದ ಮೇಲೆ ಮೊದಲನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆಯಲು ಶುರುವಾಗುವವರೆಗೆ ಕ್ರ್ಯಾಂಕ್ ತಿರುಗಿಸಿ. ಆಗ ಇನ್‌ಟೇಕ್ ಲೋಬ್ ಬುಡದ ವೃತ್ತದ ಮೇಲಿರುತ್ತದೆ. ಇನ್‌ಟೇಕ್ ರಾಕರನ್ನು 22 ಪೌಂಡ್-ಅಡಿಗೆ ಬಿಗಿದು, ಪರೀಕ್ಷಾ ಪುಶ್‌ರಾಡನ್ನು ಬೆರಳಿನಿಂದ ಉದ್ದ ಮಾಡುತ್ತಾ ಹೋಗಿ. ಮೇಲೆ ಕೆಳಗೆ ಅಲುಗಾಟ ನಿಂತು, ಲಿಫ್ಟರಿನ ಒಳಗಿನ ಪ್ಲಂಜರ್ ಇನ್ನೂ ಕೆಳಗೆ ಹೋಗದಿರುವ ಹಂತವೇ ಸೊನ್ನೆ. ಅಲ್ಲಿ ಹೊರತೆಗೆದು ಉದ್ದವನ್ನು ಅಳೆದು, ಲಿಫ್ಟರ್ ತಯಾರಕರು ಹೇಳಿದ ಪ್ರೀಲೋಡನ್ನು (ಪ್ಲಂಜರನ್ನು ಮೊದಲೇ ಒಳಗೊತ್ತಿಡುವ ಪ್ರಮಾಣವನ್ನು) ಕೂಡಿಸಿ. ಇನ್‌ಟೇಕ್ ಪೂರ್ತಿ ಮುಚ್ಚುವ ಹಂತಕ್ಕೆ ಬರುವಾಗ ಎಕ್ಸಾಸ್ಟ್ ಭಾಗವನ್ನು ಇದೇ ರೀತಿ ಅಳೆಯಬೇಕು. ಎರಡೂ ಹೆಡ್‌ಗಳಲ್ಲಿ ಕನಿಷ್ಠ ಒಂದೊಂದು ಸಿಲಿಂಡರಾದರೂ ಆಗಲಿ.

ಬರೀ ಕೈಯಂದಾಜಿಗೆ ಒಂದು ಲೆಕ್ಕ: ರಾಕರ್ ಬೋಲ್ಟಿನ ಮರೆಗಳ (ಥ್ರೆಡ್) ನಡುವಿನ ಅಂತರ 1.25 ಮಿ.ಮೀ. ರಾಕರಿನ ಅನುಪಾತ 1.7 ಇರುವುದರಿಂದ, ಸೊನ್ನೆಯ ನಂತರ ಬೋಲ್ಟ್ ಒಂದು ಸುತ್ತು ತಿರುಗಿದರೆ ಪ್ಲಂಜರ್ ಸುಮಾರು ಎರಡು ಮಿ.ಮೀ. ಒಳಗೆ ಹೋಗುತ್ತದೆ. ಸೊನ್ನೆಯಿಂದ ಪೂರ್ತಿ ಬಿಗಿಯುವವರೆಗೆ ಎಷ್ಟು ಸುತ್ತು ಬಂತೆಂದು ಎಣಿಸಿದರೂ ನಿಮ್ಮ ಪುಶ್‌ರಾಡ್ ತೀರಾ ಉದ್ದವೋ ಗಿಡ್ಡವೋ ಗೊತ್ತಾಗುತ್ತದೆ. ಪ್ರೀಲೋಡ್ ಕಡಿಮೆಯಾದರೆ ಟಕಟಕ ಸದ್ದು ಬರುತ್ತದೆ. ಹೆಚ್ಚಾದರೆ ಬರುವ ತೊಂದರೆ ಬೇರೆ: ಮೇಲಿನ ಆರ್‌ಪಿಎಂನಲ್ಲಿ ಲಿಫ್ಟರ್ ಉಬ್ಬಿ ವಾಲ್ವ್ ಪೂರ್ತಿ ಮುಚ್ಚದೇ ಉಳಿಯಬಹುದು, ಸದ್ದು ಮಾತ್ರ ಏನೂ ಇರುವುದಿಲ್ಲ. ಸದ್ದಿಲ್ಲ ಎಂಬುದನ್ನೇ ಪ್ರಮಾಣವಾಗಿ ಒಪ್ಪಿಕೊಳ್ಳಲು ನನಗೆ ಹಿಂಜರಿಕೆ ಇರುವುದು ಇದಕ್ಕೇ.

ಮಿಶಿಗನ್ ಮಲೆನಾಡಿಗ:

ಎಲ್ಲರಿಗೂ ಧನ್ಯವಾದಗಳು. ಪುಶ್‌ರಾಡನ್ನು ಪಟ್ಟಿಯಿಂದ ತೆಗೆದು ಪರೀಕ್ಷಾ ಪುಶ್‌ರಾಡ್ ಸೇರಿಸಿದ್ದೇನೆ. ಹೆಡ್‌ಗಳನ್ನು ಒತ್ತಡ ಪರೀಕ್ಷೆಗೆ ಕೊಡುತ್ತೇನೆ, ಫೇಸಿಂಗ್ ಬೇಕೇ ಎಂಬುದನ್ನು ಅವರು ನೋಡಿ ಹೇಳಲಿ. ಈಗ ಎರಡು ಪ್ರಶ್ನೆಗಳು. ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರವನ್ನು ಮಣ್ಣಿಟ್ಟು ಅಳೆಯುವುದೋ, ಡಯಲ್ ಗೇಜಿನಿಂದಲೋ? ಎರಡನೆಯದು, ಹೆಡ್ ಬೋಲ್ಟ್‌ಗಳಲ್ಲಿ ಉದ್ದ ಗಿಡ್ಡ ಎಂದು ಎರಡು ಬಗೆಯಿವೆಯಂತೆ. ನನ್ನ ಕಾರಿಗೆ ಯಾವುದು?

ಎಂಟು ಸಿಲಿಂಡರ್:

ಮೊದಲನೆಯದಕ್ಕೆ ಉತ್ತರ: ಡಯಲ್ ಗೇಜ್. ಮಾಡೆಲಿಂಗ್ ಕ್ಲೇ ಬಳಸುವವರೂ ಇದ್ದಾರೆ, ತಪ್ಪೇನಿಲ್ಲ; ಆದರೆ ಅದು ಒಂದೇ ಒಂದು ಕನಿಷ್ಠ ಸಂಖ್ಯೆಯನ್ನು ಕೊಡುತ್ತದೆ, ಆ ಕನಿಷ್ಠ ಎಲ್ಲಿ ಬಂತೆಂಬುದನ್ನು ಹೇಳುವುದಿಲ್ಲ.

ಮೊದಲನೇ ಸಿಲಿಂಡರಿನ ಎರಡು ವಾಲ್ವ್‌ಗಳಿಗೆ ಬೆರಳಿನಲ್ಲಿ ಒತ್ತಬಹುದಾದ ಹಗುರ ಪರೀಕ್ಷಾ ಸ್ಪ್ರಿಂಗ್ ಹಾಕಿ. ಬ್ಲಾಕಿನ ಮೇಲೆ ಹಳೆಯ ಗ್ಯಾಸ್ಕೆಟ್ಟನ್ನೇ ಇಟ್ಟು, ಹಳೆಯ ಬೋಲ್ಟ್‌ಗಳಿಂದ ಹೆಡ್ಡನ್ನು ಹದವಾಗಿ ಬಿಗಿಯಿರಿ. ಡಿಗ್ರಿ ವೀಲ್ (ಕ್ರ್ಯಾಂಕ್ ತಿರುಗಿದ ಕೋನ ತೋರಿಸುವ ತಟ್ಟೆ) ಕೂರಿಸಿ ಕ್ಯಾಮಿನ ಸ್ಥಾನವನ್ನು ಮೊದಲು ಖಚಿತಪಡಿಸಿಕೊಳ್ಳಿ: 112 ಡಿಗ್ರಿಯ ಕ್ಯಾಮನ್ನು ನಾಲ್ಕು ಡಿಗ್ರಿ ಮುಂದಿಟ್ಟು ಅರೆದಿದ್ದರೆ ಇನ್‌ಟೇಕ್ ಮಧ್ಯರೇಖೆ 108ಕ್ಕೆ ಬರಬೇಕು. ಆಮೇಲೆ ಓವರ್‌ಲ್ಯಾಪ್ ಸಮಯದಲ್ಲಿ, ಅಂದರೆ ಎರಡೂ ವಾಲ್ವ್‌ಗಳು ಸ್ವಲ್ಪ ತೆರೆದಿರುವಾಗ, ಪಿಸ್ಟನ್ ಮೇಲೆ ಬರುವುದಕ್ಕೆ 20 ಡಿಗ್ರಿ ಮೊದಲಿನಿಂದ ಶುರುಮಾಡಿ, ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನಿಲ್ಲಿಸುತ್ತಾ ಪ್ರತಿ ನಿಲುಗಡೆಯಲ್ಲೂ ವಾಲ್ವನ್ನು ಕೈಯಿಂದ ಒತ್ತಿ. ಅದು ಪಿಸ್ಟನ್ನಿಗೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಡಯಲ್ ಮುಳ್ಳು ಎಷ್ಟು ಓಡಿತೋ ಅದೇ ಆ ಡಿಗ್ರಿಯ ಅಂತರ. ಎಕ್ಸಾಸ್ಟ್ ವಾಲ್ವಿಗೆ ಕನಿಷ್ಠ ಅಂತರ ಸಾಮಾನ್ಯವಾಗಿ ಮೇಲಿನ ಬಿಂದುವಿಗೆ ಸುಮಾರು ಹತ್ತು ಡಿಗ್ರಿ ಮೊದಲು ಸಿಗುತ್ತದೆ, ಇನ್‌ಟೇಕ್ ವಾಲ್ವಿಗೆ ಅಷ್ಟೇ ನಂತರ. ಬಂದ ಸಂಖ್ಯೆಯಿಂದ 0.013 ಅಂಗುಲ ಕಳೆಯುವುದನ್ನು ಮರೆಯಬೇಡಿ, ಏಕೆಂದರೆ ನೀವು ಅಳೆದದ್ದು ಹಳೆಯ ದಪ್ಪ ಗ್ಯಾಸ್ಕೆಟ್ಟಿನ ಮೇಲೆ. ಕಳೆದ ನಂತರವೂ ಇನ್‌ಟೇಕಿಗೆ 0.080, ಎಕ್ಸಾಸ್ಟಿಗೆ 0.100 ಅಂಗುಲ ಉಳಿದರೆ ನೆಮ್ಮದಿ. ಇನ್‌ಟೇಕಿನಲ್ಲಿ ಕೊರತೆ ಬಿದ್ದರೆ ಕ್ಯಾಮನ್ನು ಒಂದೆರಡು ಡಿಗ್ರಿ ಹಿಂದಕ್ಕೆ ತರಬಹುದು, ಆಗ ಎಕ್ಸಾಸ್ಟಿನ ಅಂತರ ಅಷ್ಟು ತಗ್ಗುತ್ತದೆ. ಅಥವಾ ದಪ್ಪ ಗ್ಯಾಸ್ಕೆಟ್ಟಿಗೇ ಮರಳಬಹುದು. ಇದಕ್ಕಾಗಿಯೇ ಗ್ಯಾಸ್ಕೆಟ್ಟನ್ನು ಹಿಂದಿರುಗಿಸಲು ಒಪ್ಪುವ ಅಂಗಡಿಯಿಂದ ಕೊಳ್ಳಿ.

ಬೋಲ್ಟಿನ ವಿಚಾರವನ್ನು ಕೋಲಾರದವರು ಚೆನ್ನಾಗಿ ಬಲ್ಲರು, ಅವರು ಬರೆಯಲಿ.

ಕೋಲಾರ ಟು ಕೆಂಟಕಿ:

ಕರೆದಿದ್ದಕ್ಕೆ ಬಂದೆ. ನಾನಿರುವುದು ಬೌಲಿಂಗ್ ಗ್ರೀನ್‌ನ ಹತ್ತಿರ. ಕಾರ್ವೆಟ್‌ಗಳು 1981ರಿಂದ ತಯಾರಾಗುತ್ತಿರುವುದು ಈ ಊರಿನಲ್ಲೇ, ಆದ್ದರಿಂದ ಇಲ್ಲಿ ಬೀದಿಗೊಬ್ಬರು ಸಲಹೆ ಕೊಡುವವರಿದ್ದಾರೆ.

2003ರವರೆಗಿನ ಎಂಜಿನ್‌ಗಳಲ್ಲಿ 11 ಮಿ.ಮೀ. ಹೆಡ್ ಬೋಲ್ಟ್‌ಗಳು ಎರಡು ಉದ್ದದವು: ಪ್ರತಿ ಹೆಡ್‌ಗೆ ಎಂಟು ಉದ್ದ, ಎರಡು ಗಿಡ್ಡ. 2004ರಿಂದ ಎಲ್ಲವೂ ಒಂದೇ ಉದ್ದ. ಇದು ಬ್ಲಾಕಿಗೆ ಸಂಬಂಧಿಸಿದ್ದೇ ಹೊರತು ಹೆಡ್‌ಗಲ್ಲ. ನಿಮ್ಮ ಬ್ಲಾಕ್ 2000ದ್ದಾದ್ದರಿಂದ, ಹೆಡ್ ಯಾವ ಕಾರಿನಿಂದ ಬಂದಿದ್ದರೂ ನಿಮಗೆ ಎರಡು ಉದ್ದದ ಸೆಟ್ಟೇ ಬೇಕು. ಇವಲ್ಲದೆ ಒಳಸಾಲಿನಲ್ಲಿ 8 ಮಿ.ಮೀ.ನ ಐದು ಬೋಲ್ಟ್‌ಗಳಿವೆ. ಕಂಪನಿಯ 11 ಮಿ.ಮೀ. ಬೋಲ್ಟ್‌ಗಳು ಬಿಗಿದಾಗ ಹಿಗ್ಗುವಂಥವು, ಒಮ್ಮೆ ಬಳಸಿದರೆ ಮುಗಿಯಿತು. ಕ್ರಮ: ಮೊದಲ ಸುತ್ತಿನಲ್ಲಿ 22 ಪೌಂಡ್-ಅಡಿ, ಎರಡನೇ ಸುತ್ತಿನಲ್ಲಿ 90 ಡಿಗ್ರಿ, ಮೂರನೇ ಸುತ್ತಿನಲ್ಲಿ ಉದ್ದದವಕ್ಕೆ ಮತ್ತೆ 90, ಗಿಡ್ಡದವಕ್ಕೆ 50 ಡಿಗ್ರಿ. ಎಲ್ಲ ಮುಗಿದ ಮೇಲೆ 8 ಮಿ.ಮೀ.ನವು 22 ಪೌಂಡ್-ಅಡಿಗೆ. ಡಿಗ್ರಿಯನ್ನು ಕಣ್ಣಂದಾಜಿನಲ್ಲಿ ತಿರುಗಿಸಬೇಡಿ, ಕೋನಮಾಪಕ ಅಗ್ಗವಾಗಿಯೇ ಸಿಗುತ್ತದೆ. ಎಆರ್‌ಪಿ ಎಂಬ ಬೇರೆ ಕಂಪನಿಯ ಬೋಲ್ಟ್ ಹಾಕುವುದಾದರೆ ಇದನ್ನೆಲ್ಲ ಬಿಟ್ಟು ಅವರ ಲೂಬ್ರಿಕೆಂಟ್, ಅವರ ಸಂಖ್ಯೆ. ಸ್ಟಡ್ (ಬ್ಲಾಕಿಗೆ ಮೊದಲೇ ನಾಟಿ ಮೇಲೆ ನಟ್ ಬಿಗಿಯುವ ಕಡ್ಡಿ) ಮಾತ್ರ ಬೇಡ. ಎಂಜಿನ್ ಕಾರಿನಲ್ಲೇ ಇರುವಾಗ ಸ್ಟಡ್‌ಗಳ ಮೇಲಿಂದ ಹೆಡ್ ಇಳಿಸುವುದು ವೃಥಾ ಶ್ರಮ.

ಇದೆಲ್ಲಕ್ಕಿಂತ ಮುಖ್ಯವಾದುದನ್ನು ಈಗ ಹೇಳುತ್ತೇನೆ. ಈ ಬ್ಲಾಕಿನ ಹೆಡ್ ಬೋಲ್ಟ್ ರಂಧ್ರಗಳ ತಳ ಮುಚ್ಚಿದೆ. ಹೆಡ್ ಎತ್ತುವಾಗ ಉಳಿದ ಕೂಲಂಟ್ ನೇರವಾಗಿ ಆ ರಂಧ್ರಗಳಿಗೆ ಸುರಿಯುತ್ತದೆ. ಮೇಲಿನಿಂದ ನೋಡಿದರೆ ಒಣಗಿದಂತೆ ಕಂಡರೂ ತಳದಲ್ಲಿ ಒಂದು ಬೆರಳಿನಷ್ಟು ನೀರು ನಿಂತಿರುತ್ತದೆ. ನೀರು ಕುಗ್ಗುವುದಿಲ್ಲ. ಬೋಲ್ಟ್ ಒಳಗಿಳಿದಾಗ ಆ ಒತ್ತಡವೆಲ್ಲ ಅಲ್ಯೂಮಿನಿಯಂ ಬ್ಲಾಕಿನ ಮೇಲೆ ಬಿದ್ದು ಅದು ಸೀಳಬಹುದು. ಸೀಳದಿದ್ದರೂ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ: ನೀರಿಗೆ ತಾಗಿದ್ದನ್ನೇ ಹೆಡ್ ಬಿಗಿಯಾಯಿತೆಂದು ಕ್ಲಿಕ್ ಅನ್ನುತ್ತದೆ. ವ್ಯಾಕ್ಯೂಮ್ ಕ್ಲೀನರಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಪ್ರತಿ ರಂಧ್ರದ ತಳದವರೆಗೂ ಇಳಿಸಿ ಹೀರಿಸಿ, ಆಮೇಲೆ ಬಟ್ಟೆ ಅಡ್ಡ ಹಿಡಿದು ಗಾಳಿ ಹೊಡೆಯಿರಿ, ಕನ್ನಡಕ ಹಾಕಿಕೊಂಡು. ಮರೆ ಸ್ವಚ್ಛಗೊಳಿಸಲು ಟ್ಯಾಪ್ (ಮರೆ ಕೊರೆಯುವ ಉಪಕರಣ) ಬಳಸಿದರೆ ಅದು ಲೋಹವನ್ನೇ ಕೆರೆದು ತೆಗೆಯಬಹುದು. ಹಳೆಯ ಹೆಡ್ ಬೋಲ್ಟ್ ಒಂದಕ್ಕೆ ಉದ್ದಕ್ಕೆ ತೋಡು ಕೊರೆದರೆ ಅದೇ ಒಳ್ಳೆಯ ಸಾಧನ, ಕೊಳೆ ಆ ತೋಡಿನಲ್ಲಿ ತುಂಬಿಕೊಂಡು ಹೊರಬರುತ್ತದೆ. ಹೊಸ ಬೋಲ್ಟನ್ನು ಕೈಯಲ್ಲಿ ಇಳಿಸಿ ನೋಡಿ. ಸಲೀಸಾಗಿ ತಳದ ಹತ್ತಿರದವರೆಗೂ ಹೋದರೆ ಮಾತ್ರ ಗ್ಯಾಸ್ಕೆಟ್ ಇಡಿ.

ಮುಂಭಾಗಕ್ಕೆ ಬಂದರೆ, ಕ್ರ್ಯಾಂಕಿನ ಬ್ಯಾಲೆನ್ಸರ್ (ಅದರ ಮುಂದಿನ ತುದಿಯಲ್ಲಿ ಕಂಪನ ತಗ್ಗಿಸುವ ಚಕ್ರ) ತೆಗೆಯಲು ಸಿ5ರಲ್ಲಿ ಸ್ಟಿಯರಿಂಗ್ ರ‍್ಯಾಕನ್ನು ಸರಿಸಬೇಕು, ಕ್ಯಾಮನ್ನು ಎಳೆಯಲು ರೇಡಿಯೇಟರ್ ತೆಗೆಯಬೇಕು. ಮೂರು ಕಾಲಿನ ಪುಲ್ಲರ್, ಮತ್ತೆ ಕೂರಿಸಲು ತಕ್ಕ ಸಾಧನ, ಫ್ಲೈವೀಲ್ ತಡೆಯುವ ಬೀಗ ಈ ಮೂರನ್ನೂ ಮೊದಲೇ ತಂದಿಟ್ಟುಕೊಳ್ಳಿ. ಬ್ಯಾಲೆನ್ಸರಿಗೆ ಕೀ ಇಲ್ಲ, ಬರೀ ಬಿಗಿತದ ಮೇಲೆ ನಿಂತಿದೆ, ಸುತ್ತಿಗೆ ತೋರಿಸಲೇಬೇಡಿ. ಹಳೆಯ ಬೋಲ್ಟನ್ನು 240 ಪೌಂಡ್-ಅಡಿಗೆ ಬಿಗಿದು ಬ್ಯಾಲೆನ್ಸರನ್ನು ಪೂರ್ತಿ ಕೂರಿಸಿ, ಅದನ್ನು ಬಿಚ್ಚಿ ಹೊಸ ಬೋಲ್ಟನ್ನು 37 ಪೌಂಡ್-ಅಡಿಗೆ ಬಿಗಿದು, ಮೇಲೆ 140 ಡಿಗ್ರಿ. ಆ 240ಕ್ಕೆ ದೊಡ್ಡ ಟಾರ್ಕ್ ರೆಂಚ್ ಬೇಕು, ಬಾಡಿಗೆಗೆ ಸಿಗುತ್ತದೆ.

ಮಿಶಿಗನ್ ಮಲೆನಾಡಿಗ:

ತುಂಬಾ ಉಪಕಾರವಾಯಿತು ಸರ್. ಇನ್‌ಟೇಕ್ ಮ್ಯಾನಿಫೋಲ್ಡನ್ನೂ ಎಲ್‌ಎಸ್6ರದಕ್ಕೆ ಬದಲಿಸಿದರೆ ಹೇಗೆ? ನೇರವಾಗಿ ಕೂರುತ್ತದೆಯೇ?

ಕೋಲಾರ ಟು ಕೆಂಟಕಿ:

ಕೂರುತ್ತದೆ, ಒಂದು ಅಡ್ಡಿಯಿದೆ. ನಿಮ್ಮ ವರ್ಷದ ಕಾರಿನಲ್ಲಿ ಹೆಡ್‌ಗಳ ಹಿಂದಿನ ಮೂಲೆಗಳಿಂದಲೂ ಆವಿ ಹೊರಹೋಗುವ ಕೂಲಂಟ್ ಕೊಳವೆ ಇದೆ. ಎಲ್‌ಎಸ್6 ಮ್ಯಾನಿಫೋಲ್ಡಿನ ಹೊಟ್ಟೆ ಕೆಳಗಿಳಿದಿರುವುದರಿಂದ ಆ ಕೊಳವೆ ಅಡ್ಡ ಬರುತ್ತದೆ. ಮುಂದಿನ ಎರಡು ಮೂಲೆಗಳನ್ನು ಮಾತ್ರ ಜೋಡಿಸುವ ನಂತರದ ಮಾದರಿಯ ಕೊಳವೆ ಹಾಕಿ, ಹಿಂದಿನವನ್ನು ಕಂಪನಿಯದೇ ಮುಚ್ಚಳಗಳಿಂದ ಮುಚ್ಚಿ. ಮ್ಯಾನಿಫೋಲ್ಡ್ ಕೆಳಗಿನ ಕಣಿವೆಯಲ್ಲಿ ಎಂಜಿನ್ ಕುಟ್ಟುವುದನ್ನು ಗ್ರಹಿಸುವ ಎರಡು ನಾಕ್ ಸೆನ್ಸರ್‌ಗಳಿವೆ. ಅವುಗಳ ಗುಂಡಿಗೆ ನೀರಿಳಿದು ತುಕ್ಕು ಹಿಡಿಯುವುದು ಈ ಎಂಜಿನ್ನಿನ ಹಳೆಯ ರೋಗ. ಇಷ್ಟು ಬಿಚ್ಚಿದ ಮೇಲೆ ಅವನ್ನೂ ರಬ್ಬರ್ ಮುಚ್ಚಳವನ್ನೂ ಬದಲಿಸಿಬಿಡಿ.

ಪೀಣ್ಯದ ಮೆಷಿನಿಸ್ಟ್:

ಸ್ಪ್ರಿಂಗ್ ಬಗ್ಗೆ ಬಿಟ್ಟುಹೋಗಿತ್ತು. ಹೊಸ ಸ್ಪ್ರಿಂಗ್ ಕೂರಿಸಿದ ಎತ್ತರವನ್ನು ಹದಿನಾರು ವಾಲ್ವ್‌ಗಳಲ್ಲೂ ಅಳೆಯಬೇಕು. ಈ ಹೆಡ್‌ಗಳಲ್ಲಿ ಅದು 1.800 ಅಂಗುಲದ ಸುತ್ತಮುತ್ತ ಇರುತ್ತದೆ. ಸೀಟ್ ಕತ್ತರಿಸಿದ್ದರಿಂದ ಒಂದೊಂದರಲ್ಲಿ ವ್ಯತ್ಯಾಸ ಬಂದಿದ್ದರೆ ತೆಳು ಶಿಮ್ ಇಟ್ಟು ಸಮ ಮಾಡಿಸಿ. ಪೂರ್ತಿ ಲಿಫ್ಟಿನಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟದೆ 0.060 ಅಂಗುಲವಾದರೂ ಉಳಿಯಬೇಕು. ರಿಟೇನರ್ (ಸ್ಪ್ರಿಂಗಿನ ಮೇಲ್ತುದಿಯನ್ನು ಹಿಡಿಯುವ ಬಿಲ್ಲೆ) ಕೆಳಗೆ ಬಂದು ಗೈಡ್ ಸೀಲಿಗೆ ಬಡಿಯುತ್ತದೆಯೇ ಎಂಬುದನ್ನೂ ನೋಡಿಸಿ, ಸ್ವಾಮಿ. ಶಾಪಿನವರು ಸುರುಳಿಯ ಕಡೆ ಗಮನ ಕೊಟ್ಟು ಸೀಲನ್ನು ಮರೆಯುವುದುಂಟು.

ಹೂಸ್ಟನ್ ಹುಬ್ಬಳ್ಳಿಯವ:

ಪುಶ್‌ರಾಡ್ ವಿಚಾರದಲ್ಲಿ ಎಂಟು ಸಿಲಿಂಡರ್ ಅವರ ವಾದವನ್ನು ಒಪ್ಪುತ್ತೇನೆ. ಹೆಡ್ ಸಮೇತ ಬದಲಿಸುವವರಿಗೆ ಅದು ಸರಿ. ನನ್ನ ಕಡೆಯಿಂದ ಆಯಿಲ್ ಪಂಪಿನ ಬಗ್ಗೆ ಒಂದು ಮಾತು. ಪಂಪ್ ಬದಲಿಸುವಾಗ ಎಲ್ಲರೂ ಪಂಪಿಗೆ ದುಡ್ಡು ಸುರಿದು, ಅದಕ್ಕೆ ಆಯಿಲ್ ಹೀರುವ ಪಿಕಪ್ ಕೊಳವೆ ಸೇರುವಲ್ಲಿನ ಪುಟ್ಟ ಓ-ರಿಂಗನ್ನು ಕಡೆಗಣಿಸುತ್ತಾರೆ. ಕೊಳವೆಗೆ ತಕ್ಕ ದಪ್ಪದ ರಿಂಗ್ ಅಲ್ಲದಿದ್ದರೆ, ಅಥವಾ ಕೂರಿಸುವಾಗ ಅದು ಮಡಚಿಕೊಂಡರೆ ಪಂಪ್ ಆಯಿಲ್ ಬದಲು ಗಾಳಿ ಹೀರುತ್ತದೆ. ರಿಂಗಿಗೆ ಆಯಿಲ್ ಸವರಿ, ಕೊಳವೆಯನ್ನು ಬೋಲ್ಟಿನಿಂದ ಎಳೆಯದೆ ಕೈಯಿಂದಲೇ ನೇರವಾಗಿ ಒತ್ತಿ ಕೂರಿಸಿ, ಆಮೇಲೆ ಬೋಲ್ಟ್ ಹಾಕಿ. ಆಯಿಲ್ ಪ್ಯಾನಿನ ಬೋಲ್ಟ್‌ಗಳನ್ನು ಸಡಿಲಿಸಿ ಸ್ವಲ್ಪ ಇಳಿಸಿಕೊಂಡರೆ ಕೈಯಾಡಲು ಜಾಗ ಸಿಗುತ್ತದೆ.

ಲಿಫ್ಟರ್ ಜೊತೆಗೆ ಅವನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಟ್ರೇಗಳನ್ನೂ ಹೊಸದಾಗಿ ಹಾಕಿ. ಅವು ಸವೆದರೆ ರೋಲರ್ ಲಿಫ್ಟರ್ ತಿರುಗಿ ಲೋಬನ್ನು ಅಡ್ಡವಾಗಿ ಕೆರೆಯುತ್ತದೆ. ಮತ್ತೆ ಅಲ್ಲಿಗೆ ಕೈ ಹೋಗಬೇಕಾದರೆ ಹೆಡ್ಡನ್ನೇ ಎತ್ತಬೇಕು. ಕ್ಯಾಮ್ ಆರ್ಡರ್ ಮಾಡುವಾಗ ಮುಂದೆ ಮೂರು ಬೋಲ್ಟಿನದ್ದೇ ಬೇಕೆಂದು ಸ್ಪಷ್ಟವಾಗಿ ಹೇಳಿ. ನಂತರದ ಎಂಜಿನ್‌ಗಳ ಒಂದು ಬೋಲ್ಟಿನ ಕ್ಯಾಮಿಗೆ ನಿಮ್ಮ ಸ್ಪ್ರಾಕೆಟ್ ಹೊಂದುವುದಿಲ್ಲ.

ಮಿಶಿಗನ್ ಮಲೆನಾಡಿಗ:

ಟ್ಯೂನಿಂಗ್‌ಗೆ ಡೈನೋ (ಶಕ್ತಿ ಅಳೆಯುವ ಯಂತ್ರ) ಇರುವ ಒಂದು ಅಂಗಡಿಯನ್ನು ಗೊತ್ತುಮಾಡಿದ್ದೇನೆ, ಆದರೆ ಅದು ನಮ್ಮ ಮನೆಯಿಂದ ದೂರ. ಎಂಜಿನ್ ಕಂಪ್ಯೂಟರಿನ ಹಳೆಯ ಪ್ರೋಗ್ರಾಮಿನಲ್ಲೇ ಅಲ್ಲಿಯವರೆಗೆ ಓಡಿಸಿಕೊಂಡು ಹೋಗಬಹುದೇ? ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ಕ್ಯಾಮ್‌ಗೆ ವಿಶೇಷ ಉಪಚಾರ ಬೇಕೇ? ಹೆಡ್ ಬೋಲ್ಟ್‌ಗಳನ್ನು ಎಂಜಿನ್ ಒಮ್ಮೆ ಬಿಸಿಯಾದ ಮೇಲೆ ಮತ್ತೆ ಬಿಗಿಯಬೇಕೇ?

ಎಂಟು ಸಿಲಿಂಡರ್:

ಹಳೆಯ ಪ್ರೋಗ್ರಾಮಿನಲ್ಲಿ ಓಡಿಸಬೇಡಿ. ಈ ಕ್ಯಾಮಿಗೆ ಐಡಲ್‌ನಲ್ಲಿ ಹೆಚ್ಚು ಗಾಳಿ ಬೇಕು, ಹಳೆಯ ಪ್ರೋಗ್ರಾಮ್ ಅದನ್ನು ಕೊಡದೆ ಗಾಡಿ ಪದೇಪದೇ ನಿಂತುಹೋಗುತ್ತದೆ. ಇಂಧನ ಮತ್ತು ಇಗ್ನಿಷನ್ ಪಟ್ಟಿಗಳೂ ಹೊಂದುವುದಿಲ್ಲ. ಕಾರು ಬಿಚ್ಚುವ ಮೊದಲೇ ಆ ಟ್ಯೂನರಿಗೆ ಕ್ಯಾಮಿನ ಕಾರ್ಡ್ (ಅದರ ಅಳತೆಗಳ ಚೀಟಿ), ಹೆಡ್, ಮ್ಯಾನಿಫೋಲ್ಡ್, ಇಂಜೆಕ್ಟರ್ ವಿವರಗಳನ್ನು ಕಳಿಸಿ, ಸ್ಟಾರ್ಟ್ ಮಾಡಿ ನಿಧಾನವಾಗಿ ಓಡಿಸಲು ಸಾಲುವಷ್ಟು ಒಂದು ಆರಂಭದ ಫೈಲ್ ಕೇಳಿ. ಇಂಜೆಕ್ಟರ್ ಸಾಲದು ಎಂದು ಅವರು ಹೇಳುವುದಾದರೆ ಈಗಲೇ ಹೇಳಲಿ, ಮ್ಯಾನಿಫೋಲ್ಡ್ ಕೂರಿಸಿದ ಮೇಲಲ್ಲ. ಫೈಲ್ ಬಂದರೂ ದೂರ ಹೆಚ್ಚಿದ್ದರೆ ಟ್ರೇಲರಿನಲ್ಲಿ ಒಯ್ಯುವುದೇ ಲೇಸು.

ರೋಲರ್ ಕ್ಯಾಮ್ ಆದ್ದರಿಂದ ಹಳೆಯ ಚಪ್ಪಟೆ ಟ್ಯಾಪೆಟ್ ಎಂಜಿನ್‌ಗಳಂತೆ ಮೊದಲ ಇಪ್ಪತ್ತು ನಿಮಿಷ ಏರಿಸಿದ ಆರ್‌ಪಿಎಂನಲ್ಲಿ ಓಡಿಸುವ ವ್ರತ ಬೇಡ. ಜೋಡಿಸುವಾಗ ಲೋಬ್, ಬೇರಿಂಗ್ ಜಾಗ ಮತ್ತು ಪುಶ್‌ರಾಡ್ ತುದಿಗಳಿಗೆ ಅಸೆಂಬ್ಲಿ ಲೂಬ್ ಸವರಿ. ಪಂಪ್ ಹೊಸದಾದ್ದರಿಂದ ಒಣಗಿರುತ್ತದೆ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ, ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡ ಏಳುವವರೆಗೆ ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ, ನಡುವೆ ಸ್ಟಾರ್ಟರ್ ತಣಿಯಲು ಬಿಡಿ. ಒತ್ತಡ ಏಳದಿದ್ದರೆ ಅಲ್ಲೇ ನಿಲ್ಲಿಸಿ, ಹುಬ್ಬಳ್ಳಿಯವರು ಹೇಳಿದ ಓ-ರಿಂಗನ್ನು ಮೊದಲು ಅನುಮಾನಿಸಿ.

ಹೆಡ್ ಬೋಲ್ಟ್‌ಗಳಿಗೆ ಮರುಬಿಗಿ ಬೇಡ. ಡಿಗ್ರಿ ಲೆಕ್ಕದಲ್ಲಿ ಹಿಗ್ಗಿಸಿ ಕೂರಿಸಿದ ಬೋಲ್ಟನ್ನು ಮತ್ತೆ ಮುಟ್ಟಿದರೆ ಅದರ ಹದ ಕೆಡುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್‌ಗಳನ್ನು ಮಾತ್ರ ಮೊದಲ ಬಿಸಿಯ ನಂತರ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಒಂದು ಸಲ ನೋಡಿ. ಅದೇ ಹೊತ್ತಿಗೆ ಕೂಲಂಟ್ ಮಟ್ಟವನ್ನೂ ನೋಡಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದಿದ್ದರೆ ಅದು ಇಳಿದಿರುತ್ತದೆ, ತುಂಬಿಸಿ. ಎರಡನೇ ಬಿಸಿಯ ನಂತರವೂ ಇಳಿಯುತ್ತಿದ್ದರೆ ಡೈನೋಗೆ ಒಯ್ಯುವ ಮೊದಲು ಕೂಲಿಂಗ್ ವ್ಯವಸ್ಥೆಗೆ ಒತ್ತಡ ಪರೀಕ್ಷೆ ಮಾಡಿಸಿ.